ಓದುಗರ ಪ್ರಶ್ನೆ: ಬದುವಿನ ಪೊದೆ, ಮರಳುಗಾಡಿನ ಚಿಟ್ಟೆ

ಒಣಭೂಮಿಯ ಚಿಟ್ಟೆಗಳ ಬಗ್ಗೆ ಕೇಳಿ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಆಯ್ದವು ಇಲ್ಲಿವೆ. ಒಂದೇ ಅರ್ಥದವನ್ನು ಕೂಡಿಸಿದ್ದೇವೆ.

ಪ್ರಶ್ನೆ (ಕುಷ್ಟಗಿ ತಾಲ್ಲೂಕು, ಶಿಕ್ಷಕಿ): ಶಾಲೆಯ ಹಿಂದಿನ ಮಸಾರಿ ಹೊಲದ ಬದುವಿನಲ್ಲಿ ಒಂದು ಬಿಳಿ ಚಿಟ್ಟೆ ಕಾಣುತ್ತದೆ. ರೆಕ್ಕೆಯ ತುದಿಗೆ ಕುಂಕುಮ ಹಚ್ಚಿದ ಹಾಗೆ ಕೆಂಪು. ಇದು ಮರುಭೂಮಿಯ ಚಿಟ್ಟೆ ಎಂದು ಮೊಬೈಲ್ ಹೇಳುತ್ತದೆ. ನಮ್ಮೂರಿಗೆ ಹೇಗೆ ಬಂತು?

ಉತ್ತರ: ಬಂದದ್ದಲ್ಲ, ಮೊದಲಿನಿಂದ ಇದ್ದದ್ದೇ. ನೀವು ನೋಡಿದ್ದು ಬಹುಮಟ್ಟಿಗೆ ಕ್ರಿಮ್ಸನ್ ಟಿಪ್, ವಿಜ್ಞಾನದ ಹೆಸರು ಕೊಲೋಟಿಸ್ ಡೇನೆ. ಈ ಕೊಲೋಟಿಸ್ ಕುಲದ ಚಿಟ್ಟೆಗಳು ಆಫ್ರಿಕಾದ ಒಣ ಬಯಲು, ಅರೇಬಿಯಾ, ಇರಾನ್, ಸಿಂಧ್, ರಾಜಸ್ಥಾನ ದಾಟಿ ದಖ್ಖನ್ನಿನ ಕುರುಚಲು ಗುಡ್ಡಗಳವರೆಗೆ ಹಬ್ಬಿವೆ. ಕುಲದ ಕೆಲವಕ್ಕೆ ಇಂಗ್ಲಿಷಿನಲ್ಲಿ 'ಅರಬ್' ಎಂದೇ ಹೆಸರು.

ಮರುಭೂಮಿ ಎಂಬ ಮಾತನ್ನು ಇಲ್ಲಿ ಸ್ವಲ್ಪ ತಿದ್ದಬೇಕು. ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆ ಬಿದ್ದರೆ ಮರುಭೂಮಿ ಎನ್ನುವುದು ರೂಢಿ. ನಿಮ್ಮ ಮೂರು ಜಿಲ್ಲೆಗಳಲ್ಲಿ 600 ಮಿ.ಮೀ. ಆಸುಪಾಸು ಬೀಳುತ್ತದೆ, ಅಂದರೆ ಇದು ಅರೆಶುಷ್ಕ ಸೀಮೆ. ಆದರೆ ಚಿಟ್ಟೆ ಮಳೆಮಾಪಕ ನೋಡಿ ಬದುಕುವುದಿಲ್ಲ. ಅದರ ಮರಿ ತಿನ್ನುವ ಗಿಡ ಇದೆಯೇ ಇಲ್ಲವೇ ಎಂಬುದಷ್ಟೇ ಅದಕ್ಕೆ ಲೆಕ್ಕ. ಆ ಗಿಡಗಳು ಸಿಂಧ್‌ನಲ್ಲೂ ಇವೆ, ಕುಷ್ಟಗಿಯಲ್ಲೂ ಇವೆ.

ಗುರುತಿಸುವಾಗ ರೆಕ್ಕೆಯ ಮೇಲ್ಭಾಗ, ಕೆಳಭಾಗ ಎರಡರ ಫೋಟೋ ಬೇಕು. ಮೇಲಿನದೊಂದನ್ನೇ ಕೊಟ್ಟರೆ ಆ್ಯಪ್ ತಪ್ಪುವುದು ಹೆಚ್ಚು. ಗಂಡಿನ ಮುಂದಿನ ರೆಕ್ಕೆಯ ತುದಿಯಲ್ಲಿ ಕಡುಗೆಂಪು ಪಟ್ಟೆ, ಅದರ ಸುತ್ತ ಕಪ್ಪು ಅಂಚು. ಹೆಣ್ಣಿನಲ್ಲಿ ಕೆಂಪು ಮಂಕು, ಕಪ್ಪು ಚುಕ್ಕೆ ಹೆಚ್ಚು. ಕೆಂಪಿನ ಬದಲು ಕಿತ್ತಳೆ ಇದ್ದು, ಚಿಟ್ಟೆ ಚಿಕ್ಕದಾಗಿ ನೆಲಕ್ಕೆ ಹತ್ತಿ ಹಾರುತ್ತಿದ್ದರೆ ಅದು ಲಿಟಲ್ ಆರೆಂಜ್ ಟಿಪ್. ದೊಡ್ಡದಾಗಿ, ಕಿತ್ತಳೆ ಪಟ್ಟೆ ಅಗಲವಾಗಿ, ಕಲ್ಲುಗುಡ್ಡದ ಇಳಿಜಾರಿನಲ್ಲಿ ಓಡಾಡುತ್ತಿದ್ದರೆ ವೈಟ್ ಆರೆಂಜ್ ಟಿಪ್ ಇರಬಹುದು. ಅದು ಬೇರೆ ಕುಲ, ಇಕ್ಸಿಯಾಸ್. ಇನ್ನೊಂದು ತೊಡಕು ಋತುವಿನದು. ಮಳೆಗಾಲದಲ್ಲಿ ಹುಟ್ಟಿದ ಚಿಟ್ಟೆಗೆ ಕಪ್ಪು ಗಾಢ. ಬೇಸಗೆಯಲ್ಲಿ ಹುಟ್ಟಿದ್ದಕ್ಕೆ ಕಪ್ಪು ಕರಗಿ, ಕೆಳಭಾಗ ಒಣ ಮಣ್ಣಿನ ನಸುಗೆಂಪಿಗೆ ತಿರುಗಿರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ಜಾತಿ ಎಂದು ನಂಬುವುದು ಕಷ್ಟ.

ಪ್ರಶ್ನೆ (ಬಳ್ಳಾರಿ, ಬ್ಯಾಂಕ್ ಉದ್ಯೋಗಿ): 'ಸಾಲ್ಮನ್ ಅರಬ್' ಎಂದರೆ ಯಾವುದು? ಎಲ್ಲಿ ಹುಡುಕಬೇಕು?

ಉತ್ತರ: ಸಾಲ್ಮನ್ ಮೀನು ಕಂಡವರು ನಮ್ಮಲ್ಲಿ ಕಡಿಮೆ. ಒಳಗೆ ಕೆಂಪಿರುವ ಪೇರಲ ಹಣ್ಣನ್ನು ಸೀಳಿ ನೋಡಿ, ಅದೇ ಬಣ್ಣ. ಅಂಚಿಗೆ ಕಪ್ಪು. ಸ್ಮಾಲ್ ಸಾಲ್ಮನ್ ಅರಬ್, ಲಾರ್ಜ್ ಸಾಲ್ಮನ್ ಅರಬ್ ಎಂದು ಎರಡಿವೆ. ಹೆಸರಿಗೆ ಚಿಕ್ಕದು, ದೊಡ್ಡದು ಎಂದಿದ್ದರೂ ಹಾರುವಾಗ ಅಳತೆಯಿಂದ ಬೇರೆ ಮಾಡಲಾಗದು. ಯಾವ ಗಿಡದ ಸುತ್ತ ಸುಳಿಯುತ್ತದೆ ಎಂಬುದು ಹೆಚ್ಚು ಭರವಸೆಯ ಗುರುತು.

ಚಿಕ್ಕದರ ಮರಿ ತಿನ್ನುವುದು ಸಾಲ್ವಡೋರಾ ಪರ್ಸಿಕಾ, ಅಂದರೆ ಮಿಸ್ವಾಕ್ ಕಡ್ಡಿಯ ಮರ. ಹಿಂದಿಯಲ್ಲಿ ಪೀಲು. ಅದೇ ಕುಟುಂಬದ ಅಜೀಮಾ ಟೆಟ್ರಾಕಾಂತಾವನ್ನೂ ತಿನ್ನುತ್ತದೆ. ಇದು ಗೆಣ್ಣಿಗೆ ನಾಲ್ಕು ಮುಳ್ಳು, ಬಿಳಿ ಹಣ್ಣು ಇರುವ ಪೊದೆ. ದೊಡ್ಡದರ ಮರಿ ಮೇರುವಾ ಎಂಬ ಬಳ್ಳಿಯಂಥ ಪೊದೆಯ ಮೇಲೆ ಬೆಳೆಯುತ್ತದೆ. ಆಂಧ್ರದ ಗಡಿಯಲ್ಲಿ ಭೂಚಕ್ರಗಡ್ಡೆ ಎನ್ನುವುದು ಇದನ್ನೇ. ಹಳೇ ಕೋಟೆಗೋಡೆಯ ಬುಡ, ಹಳ್ಳದ ದಂಡೆ, ಕೆರೆ ಏರಿಯ ಹೊರಮೈ, ಸ್ಮಶಾನದ ಬೇಲಿ ನೋಡಿ. ಕೊಡಲಿ, ಜೆಸಿಬಿ ಎರಡೂ ಮುಟ್ಟದ ಜಾಗಗಳು ಇವೇ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ಹೋಗಿ. ಮಧ್ಯಾಹ್ನದ ಬಿಸಿಲಿಗೆ ಅವು ಪೊದೆಯೊಳಗೆ ರೆಕ್ಕೆ ಮಡಚಿ ಕೂತರೆ ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನೆ (ಮಾನ್ವಿ ತಾಲ್ಲೂಕು, ರೈತರು): ಬದುವಿನ ಗಿಡದಾಗ ಹಸಿರು ಹುಳ ಅದಾವ. ಹತ್ತಿ, ತೊಗರಿಗೆ ಬಂದಾವೇನು? ಗಿಡ ಕಡಿದು ಸುಡಬೇಕಂತ ಮಾಡೀನಿ.

ಉತ್ತರ: ಗಿಡದ ಗುರುತು ನೀವು ಕೊಟ್ಟಿದ್ದೀರಿ: ಬೂದುಹಸಿರು ಸಣ್ಣ ಎಲೆ, ಉದ್ದ ಕೇಸರಗಳ ಬಿಳಿ ಹೂ, ಒಣಗಿ ಸೀಳಿದಾಗ ಒಳಗೆ ಕಿತ್ತಳೆ ಬಣ್ಣ ತೋರುವ ಕೋಡಿನಂಥ ಕಾಯಿ. ಇದು ಕಡಾಬಾ ಫ್ರುಟಿಕೋಸಾ. ಕೊಲೋಟಿಸ್ ಚಿಟ್ಟೆಗಳ ತವರುಮನೆ ಇದೇ. ಆ ಹುಳ ನಿಮ್ಮ ಹತ್ತಿಗೂ ಬರುವುದಿಲ್ಲ, ತೊಗರಿಗೂ ಬರುವುದಿಲ್ಲ. ಕಡಿಯಬೇಡಿ.

ಬರದಿರಲು ಗಟ್ಟಿ ಕಾರಣ ಇದೆ. ಕಡಾಬಾ, ಕ್ಯಾಪರಿಸ್ ಎಂಬ ಮುಳ್ಳುಪೊದೆಗಳು, ಮೇರುವಾ, ಮಿಸ್ವಾಕ್ ಮರ ಎಲ್ಲವೂ ಸಾಸಿವೆಯ ದೂರದ ನೆಂಟರು. ನುಗ್ಗೆ, ಪಪ್ಪಾಯಿ ಕೂಡ ಅದೇ ಬಳಗ. ಈ ಬಳಗದ ಎಲೆಯಲ್ಲಿ ಗ್ಲುಕೋಸಿನೊಲೇಟ್ ಎಂಬ ವಸ್ತು ಇರುತ್ತದೆ. ಎಲೆ ಜಜ್ಜಿದ ಕೂಡಲೇ ಅದು ಒಡೆದು ಸಾಸಿವೆಯ ಘಾಟು ಎಣ್ಣೆ ಆಗುತ್ತದೆ. ಬೇರೆ ಹೆಚ್ಚಿನ ಹುಳಗಳಿಗೆ ಅದು ವಿಷ. ಬಿಳಿ ಚಿಟ್ಟೆಗಳ ಕುಟುಂಬದ ಮರಿಗಳ ಕರುಳಿನಲ್ಲಿ ಮಾತ್ರ ಈ ಘಾಟು ಹುಟ್ಟದಂತೆ ದಾರಿ ತಿರುಗಿಸುವ ಒಂದು ಪ್ರೋಟೀನ್ ಇದೆ. ತಾಯಿಚಿಟ್ಟೆ ಎಲೆಯ ಮೇಲೆ ಮುಂಗಾಲು ಬಡಿದು ಅದೇ ರುಚಿ ನೋಡಿ ತತ್ತಿ ಇಡುತ್ತದೆ. ಆ ರುಚಿ ತೊಗರಿಯಲ್ಲಿ ಇಲ್ಲವಾದ್ದರಿಂದ ಅಲ್ಲಿ ತತ್ತಿಯೇ ಬೀಳದು. ಎಲೆಕೋಸು ಬೆಳೆಯುವವರು ಮಾತ್ರ ಇದೇ ಕುಟುಂಬದ ಬೇರೊಂದು ಬಿಳಿ ಚಿಟ್ಟೆಯಿಂದ ನಷ್ಟ ಅನುಭವಿಸುತ್ತಾರೆ. ಅದು ಕೊಲೋಟಿಸ್ ಅಲ್ಲ.

ತೊಗರಿಯ ಕಾಯಿಕೊರಕದಿಂದ ಬೇರೆ ಮಾಡುವುದು ಸುಲಭ. ಕಾಯಿಕೊರಕ ಹೂ, ಕಾಯಿ ಕೊರೆದು ತಲೆ ಒಳಗೆ ತೂರಿಸಿ ತಿನ್ನುತ್ತದೆ. ಮೈಯುದ್ದಕ್ಕೂ ಗೆರೆಗಳಿರುತ್ತವೆ, ಕೋಶಕ್ಕೆ (ಮರಿ ರೆಕ್ಕೆ ಪಡೆಯುವ ಮುಂಚಿನ ಹಂತ) ಮಣ್ಣಿಗಿಳಿಯುತ್ತದೆ. ಕೊಲೋಟಿಸ್ ಮರಿ ಎಲೆಯ ಅಂಚಿನಿಂದ ತಿನ್ನುತ್ತದೆ, ಎಲೆಯದೇ ಹಸಿರು, ಕೋಶ ಗಿಡದ ಕಡ್ಡಿಗೇ ಕಟ್ಟುತ್ತದೆ. ಹತ್ತಿಗೆ ಔಷಧ ಹೊಡೆಯುವಾಗ ಗಾಳಿ ಬದುವಿನ ಕಡೆ ಇದ್ದರೆ ಆ ದಿನ ಕೊನೆಯ ಎರಡು ಸಾಲು ಬಿಡಿ. ಬ್ಯಾಕ್ಟೀರಿಯಾದಿಂದ ಮಾಡಿದ ಬಿಟಿ ಪುಡಿ ಜೈವಿಕ, ನಿರಪಾಯ ಎಂದುಕೊಂಡು ಬದುವಿಗೂ ಹೊಡೆಯುವವರಿದ್ದಾರೆ. ಅದು ಚಿಟ್ಟೆ, ಪತಂಗದ ಮರಿಗಳನ್ನು ಕೊಲ್ಲಲೆಂದೇ ಮಾಡಿದ್ದು. ಬೆಳೆಯ ಹುಳ ಯಾವುದು, ಬದುವಿನ ಹುಳ ಯಾವುದು ಎಂದು ಅದು ನೋಡುವುದಿಲ್ಲ.

ಪ್ರಶ್ನೆ (ಬಳ್ಳಾರಿ, ಬಿ.ಎಸ್ಸಿ. ವಿದ್ಯಾರ್ಥಿನಿ): ಪ್ರಾಜೆಕ್ಟಿಗಾಗಿ ಕ್ರಿಮ್ಸನ್ ಟಿಪ್ ಮರಿಗಳನ್ನು ಮನೆಯಲ್ಲಿ ಸಾಕಿದೆ. ಆರರಲ್ಲಿ ಐದು ಸತ್ತವು. ಎರಡು ಕಪ್ಪಾಗಿ ಮೆತ್ತಗಾದವು, ಒಂದು ನೀರಲ್ಲಿ ಬಿತ್ತು, ಒಂದರ ಪಕ್ಕ ಸಣ್ಣ ಹಳದಿ ಗೂಡುಗಳು ಬಂದವು, ಒಂದರ ರೆಕ್ಕೆ ಸುರುಟಿತು. ಎಲ್ಲಿ ತಪ್ಪಿದೆ?

ಉತ್ತರ: ಐದು ಸಾವಿಗೆ ನಾಲ್ಕು ಬೇರೆ ಕಾರಣಗಳಿವೆ. ಇಷ್ಟು ವಿವರವಾಗಿ ಬರೆದದ್ದರಿಂದಲೇ ಬಿಡಿಸಿ ಹೇಳಲು ಸಾಧ್ಯವಾಯಿತು.

ಕಪ್ಪಾಗಿ ಮೆತ್ತಗಾದದ್ದು ಸೋಂಕು. ಡಬ್ಬದಲ್ಲಿ ತೇವ ನಿಂತಾಗ, ಮರಿಗಳು ಒತ್ತಾಗಿದ್ದಾಗ, ಹಿಕ್ಕೆ ತೆಗೆಯದೆ ಬಿಟ್ಟಾಗ ಬರುತ್ತದೆ. ಒಂದು ಲೀಟರ್ ಡಬ್ಬಕ್ಕೆ ಮೂರೇ ಮರಿ. ಬಾಯಿಗೆ ಮುಚ್ಚಳ ಬೇಡ, ಹಳೇ ಪಂಚೆಯ ತೆಳು ಬಟ್ಟೆ ಕಟ್ಟಿ ರಬ್ಬರ್ ಹಾಕಿ. ತಳಕ್ಕೆ ಪೇಪರ್ ಹಾಸಿ ದಿನಕ್ಕೊಮ್ಮೆ ಬದಲಿಸಿ. ಸೊಪ್ಪು ತೊಳೆದರೆ ಪೂರ್ತಿ ಆರಿಸಿಯೇ ಹಾಕಿ. ಒಂದು ಮರಿ ಕಪ್ಪಾದ ದಿನವೇ ಉಳಿದವನ್ನು ಬೇರೆ ಡಬ್ಬಕ್ಕೆ ಹಾಕಿ, ಹಳೆಯದನ್ನು ಸೋಪಿನಲ್ಲಿ ತೊಳೆದು ಬಿಸಿಲಿಗಿಡಿ.

ನೀರಿಗೆ ಬಿದ್ದದ್ದು ಟೊಂಗೆ ನಿಲ್ಲಿಸಿದ ಸೀಸೆಯಿಂದ. ಮರಿ ಕಾಂಡದ ಮೇಲೆ ಕೆಳಗಿಳಿಯುತ್ತ ಹೋಗಿ ಮುಳುಗುತ್ತದೆ. ಸೀಸೆಯ ಬಾಯಿಗೆ ಕಾಂಡದ ಸುತ್ತ ಹತ್ತಿ ಬಿಗಿಯಾಗಿ ತುರುಕಿ. ಎಳೆ ಎಲೆಯೇ ಕೊಡಿ, ಅದರಲ್ಲೂ ಮೊದಲ ಮೂರು ದಿನ. ಈಗಷ್ಟೇ ಹುಟ್ಟಿದ ಮರಿಗೆ ಬಲಿತ ಎಲೆ ಕಚ್ಚಲಾಗದು. ಗಿಡ ಬದಲಿಸಬೇಡಿ. ಕಡಾಬಾ ತಿಂದು ಬೆಳೆದದ್ದಕ್ಕೆ ನಡುವೆ ಬೇರೆ ಜಾತಿಯ ಎಲೆ ಹಾಕಿದರೆ ಉಪವಾಸ ಬೀಳಬಹುದು. ರಸ್ತೆ ಬದಿಯ, ಹತ್ತಿ ಹೊಲದ ಪಕ್ಕದ ಸೊಪ್ಪು ತರುವುದೇ ಬೇಡ.

ಹಳದಿ ಗೂಡುಗಳು ಕಣಜದವು. ಸೊಳ್ಳೆಯಷ್ಟೇ ಇರುವ ಪರಾವಲಂಬಿ ಕಣಜ ಹೊಲದಲ್ಲೇ ಮರಿಯೊಳಗೆ ತತ್ತಿ ಇಟ್ಟಿತ್ತು, ಅದರ ಹುಳಗಳು ಮರಿಯ ಮೈ ಕೊರೆದು ಹೊರಬಂದು ರೇಷ್ಮೆ ಗೂಡು ಕಟ್ಟಿವೆ. ಇದು ನಿಮ್ಮ ತಪ್ಪಲ್ಲ. ದೊಡ್ಡ ಮರಿ ತಂದರೆ ಈ ಸಂಭವ ಹೆಚ್ಚು. ಅದಕ್ಕೇ ತತ್ತಿಯಿಂದ ಶುರುಮಾಡಬೇಕು. ತತ್ತಿ ಒಂದು ಮಿ.ಮೀ. ಆಸುಪಾಸು, ನಿಂತ ಕದಿರಿನ ಆಕಾರ, ಉದ್ದಕ್ಕೆ ಗೀರು. ಎಲೆ ಸಮೇತ ತನ್ನಿ, ತತ್ತಿಯನ್ನು ಕೀಳಬೇಡಿ. ತತ್ತಿ ಪೂರ್ತಿ ಕಪ್ಪಾಗಿ ಹಾಗೇ ಉಳಿದರೆ ಅದರೊಳಗೂ ಕಣಜ ಕೂತಿದೆ ಎಂದರ್ಥ. ಇಂಥವನ್ನು ಎಸೆಯದೆ ಬೇರೆ ಸೀಸೆಯಲ್ಲಿಟ್ಟು ಏನು ಹೊರಬರುತ್ತದೆ ನೋಡಿ ಬರೆದಿಡಿ. ಪ್ರಾಜೆಕ್ಟಿಗೆ ಅದು ಚಿಟ್ಟೆಗಿಂತ ಒಳ್ಳೆಯ ಮಾಹಿತಿ.

ರೆಕ್ಕೆ ಸುರುಟಿದ್ದು ಜಾಗ ಸಾಲದೆ. ಕೋಶದಿಂದ ಬಂದ ಚಿಟ್ಟೆ ತಲೆ ಮೇಲಾಗಿ ಹಿಡಿದು ರೆಕ್ಕೆ ಕೆಳಗೆ ಇಳಿಬಿಟ್ಟು ಅದಕ್ಕೆ ರಕ್ತರಸ ತುಂಬಬೇಕು. ನುಣುಪು ಪ್ಲಾಸ್ಟಿಕ್ಕಿನಲ್ಲಿ ಕಾಲು ಜಾರಿ ಬಿದ್ದರೆ ರೆಕ್ಕೆ ಮಡಚಿದಂತೆಯೇ ಗಟ್ಟಿಯಾಗುತ್ತದೆ, ಆಮೇಲೆ ಸರಿಯಾಗದು. ಡಬ್ಬದೊಳಗೆ ಒರಟು ಒಣಕಡ್ಡಿ ಓರೆಯಾಗಿ ನಿಲ್ಲಿಸಿ, ಕೋಶದ ಕೆಳಗೆ ಒಂದು ಗೇಣು ಖಾಲಿ ಇರಲಿ. ಹೊರಬಂದಾಗ ಬೀಳುವ ಕೆಂಪು ಹನಿ ರಕ್ತವಲ್ಲ, ಕೋಶದೊಳಗಿನ ಕಸ. ಎರಡು ಗಂಟೆ ಮುಟ್ಟದೆ ಬಿಟ್ಟು, ಬೆಳಿಗ್ಗೆ ಬಿಸಿಲೇರುವಾಗ ತತ್ತಿ ಸಿಕ್ಕ ಪೊದೆಯ ಬಳಿಯೇ ಬಿಡಿ.

ಹಸ್ತ, ಚಿತ್ತಿ ಮಳೆಯ ಹೊತ್ತಿಗೆ ತತ್ತಿಗೆ ಮೂರು ನಾಲ್ಕು ದಿನ, ಮರಿಗೆ ಎರಡು ವಾರದ ಆಸುಪಾಸು, ಕೋಶಕ್ಕೆ ಒಂದು ವಾರ ಅಥವಾ ಸ್ವಲ್ಪ ಹೆಚ್ಚು. ಮರಿ ಐದು ಹಂತ ದಾಟುತ್ತದೆ. ಪೊರೆ ಬಿಡುವ ಮುಂಚೆ ಅರ್ಧ ದಿನ ಅಲ್ಲಾಡದೆ ಕೂರುತ್ತದೆ. ಸತ್ತಿತೆಂದು ಚುಚ್ಚಿ ನೋಡಿದರೆ ನಿಜವಾಗಿ ಸಾಯುತ್ತದೆ. ಬಳ್ಳಾರಿಯ ಏಪ್ರಿಲ್, ಮೇ ತಿಂಗಳಲ್ಲಿ ಸಾಕಲು ಹೋಗಬೇಡಿ. ತಗಡಿನ ಶೀಟಿನ ಮನೆಯಲ್ಲಂತೂ ಬೇಡವೇ ಬೇಡ.

ಪ್ರಶ್ನೆ (ಲಿಂಗಸುಗೂರು): ಚಿಟ್ಟೆ ರೆಕ್ಕೆಯ ಪುಡಿ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆಯೇ?

ಉತ್ತರ: ಇಲ್ಲ. ಅದು ಹೆಂಚು ಹೊದಿಸಿದ ಹಾಗೆ ಜೋಡಿಸಿದ ಸೂಕ್ಷ್ಮ ಹುರುಪೆ. ಧೂಳು ಬಿದ್ದಷ್ಟೇ ಉರಿ, ನೀರಿನಲ್ಲಿ ತೊಳೆದರೆ ಆಯಿತು. ನಷ್ಟ ಚಿಟ್ಟೆಗೆ. ಉದುರಿದ ಹುರುಪೆ ಮತ್ತೆ ಬೆಳೆಯುವುದಿಲ್ಲ.

ಪ್ರಶ್ನೆ (ಗಂಗಾವತಿ, ಪದವಿ ವಿದ್ಯಾರ್ಥಿ): ನಿಜವಾದ ಮರುಭೂಮಿಯಲ್ಲಿರುವ ಅತಿ ಅಪರೂಪದ ಚಿಟ್ಟೆ ಯಾವುದು? ಅದು ಹೇಗೆ ಬದುಕುತ್ತದೆ?

ಉತ್ತರ: 'ಅತಿ' ಎಂಬ ಪಟ್ಟ ಕಟ್ಟುವುದು ಬೇಡ. ಚೆನ್ನಾಗಿ ಅಧ್ಯಯನವಾದ ಒಂದನ್ನು ಹೇಳುತ್ತೇವೆ: ಈಜಿಪ್ಟಿನ ಸಿನಾಯ್ ಬೇಟನ್ ಬ್ಲೂ. ವಿಜ್ಞಾನಕ್ಕೆ ಪರಿಚಯವಾದದ್ದು 1975ರಲ್ಲಿ. ಇಡೀ ಜಗತ್ತಿನಲ್ಲಿ ಇದು ಇರುವುದು ಸಿನಾಯ್‌ನ ಸೇಂಟ್ ಕ್ಯಾಥರೀನ್ ಸುತ್ತಲಿನ ಎತ್ತರದ ಕಲ್ಲುಬೆಟ್ಟಗಳಲ್ಲಿ, ಕೂಡಿಸಿದರೆ ಸುಮಾರು 7 ಚದರ ಕಿ.ಮೀ. ಜಾಗದಲ್ಲಿ. ನಿಮ್ಮ ಆನೆಗೊಂದಿ ಸುತ್ತಲಿನ ಬಂಡೆಗುಡ್ಡಗಳ ಒಂದು ಮೂಲೆಯಲ್ಲಿ ಅಷ್ಟು ಜಾಗ ಹಿಡಿಯುತ್ತದೆ. ಜಗತ್ತಿನ ಅತಿ ಚಿಕ್ಕ ಚಿಟ್ಟೆಗಳ ಸಾಲಿನಲ್ಲಿ ಇದರ ಹೆಸರೂ ಬರುತ್ತದೆ.

ಅದರ ಮರಿ ತಿನ್ನುವುದು ಒಂದೇ ಗಿಡ, ಸಿನಾಯ್ ಥೈಮ್. ತುಳಸಿಯ ಕುಟುಂಬದ ಈ ಗಿಡ ಬಂಡೆಗಳ ನಡುವೆ ಮಳೆನೀರು ಇಳಿದು ನಿಲ್ಲುವ ಕೊರಕಲುಗಳಲ್ಲಷ್ಟೇ ಬೆಳೆಯುತ್ತದೆ. ಆದ್ದರಿಂದ ಗಿಡವೂ ತುಂಡು ತುಂಡು, ಚಿಟ್ಟೆಯೂ ತುಂಡು ತುಂಡು. ವರ್ಷಕ್ಕೆ ಒಂದೇ ಪೀಳಿಗೆ. ವಸಂತದ ಕೊನೆಯಿಂದ ಬೇಸಗೆಯ ನಡುವಿನವರೆಗೆ, ಥೈಮ್ ಹೂ ಬಿಡುವಾಗ ಚಿಟ್ಟೆ ಹಾರುತ್ತದೆ, ಮೊಗ್ಗಿನ ಬಳಿ ಒಂದೊಂದೇ ತತ್ತಿ ಇಡುತ್ತದೆ. ಮರಿ ಮೊಗ್ಗು, ಹೂ ತಿನ್ನುತ್ತದೆ, ಇರುವೆಗಳು ಅದನ್ನು ಕಾಯುತ್ತವೆ, ಪ್ರತಿಯಾಗಿ ಅದರ ಮೈಯಿಂದ ಒಸರುವ ಸಿಹಿರಸ ಹೀರುತ್ತವೆ. ಆಮೇಲೆ ಕೋಶವಾಗಿ ಮುಂದಿನ ವರ್ಷದವರೆಗೆ ಕಾಯುವುದು. ಪ್ರೌಢ ಚಿಟ್ಟೆ ಬದುಕುವುದು ಕೆಲವೇ ದಿನ. ಹುಟ್ಟಿದ ಗಿಡದಿಂದ ಬಹಳ ದೂರ ಹೋಗುವುದೇ ಇಲ್ಲ.

ಒಂದು ಕೊರಕಲಿನ ಥೈಮ್ ಮೇಕೆಗೆ ಹೋದರೆ, ಇಲ್ಲವೇ ಔಷಧಿಗೆಂದು ಕಿತ್ತರೆ, ಅಲ್ಲಿನ ಚಿಟ್ಟೆ ಮುಗಿಯಿತು. ಪಕ್ಕದ ಕೊರಕಲಿನಿಂದ ಒಂದು ಹೆಣ್ಣು ದಾಟಿ ಬಂದರಷ್ಟೇ ಮತ್ತೆ ಶುರು. ಈ ಚಿಟ್ಟೆಯ ಉಳಿವನ್ನು ಲೆಕ್ಕಹಾಕಿ 2005ರಲ್ಲಿ ಬಂದ ಅಧ್ಯಯನ ಮೇಯಿಸುವುದು, ಕೀಳುವುದರ ಜೊತೆ ಭೂಮಿ ಬಿಸಿಯಾಗುವುದೂ ದೊಡ್ಡ ಅಪಾಯ ಎಂದಿತು. ಬೆಟ್ಟದ ತುದಿಯಲ್ಲೇ ಇರುವ ಗಿಡಕ್ಕೆ ತಂಪು ಹುಡುಕಿ ಇನ್ನೂ ಮೇಲೆ ಹೋಗಲು ಬೆಟ್ಟವೇ ಉಳಿದಿಲ್ಲ.

ಇದರ ದೂರದ ನೆಂಟನನ್ನು ನೋಡಲು ಸಿನಾಯ್‌ಗೆ ಹೋಗಬೇಕಿಲ್ಲ. ಗ್ರಾಸ್ ಜ್ಯುವೆಲ್ ಎಂಬ ಬೆರಳ ಉಗುರಿನಷ್ಟಿರುವ ಚಿಟ್ಟೆ ನಿಮ್ಮ ಕಡೆಯ ಬೀಳುಭೂಮಿಯಲ್ಲಿ ಮೊಣಕಾಲಿಗಿಂತ ಕೆಳಗೆ ಹಾರುತ್ತದೆ. ಹಿಂದಿನ ರೆಕ್ಕೆಯ ಅಂಚಿನಲ್ಲಿ ಹೊಳೆಯುವ ಚುಕ್ಕೆಗಳ ಸಾಲು, ಅದರ ಪಕ್ಕ ಕಿತ್ತಳೆ ಗೆರೆ. ನಿಂತು ಹುಡುಕಿದರೆ ಸಿಗದು, ಕೂತು ಹುಡುಕಿ.

ಪ್ರಶ್ನೆ (ರಾಯಚೂರು, ನಿವೃತ್ತ ನೌಕರರು): ಮೇ ತಿಂಗಳ 42 ಡಿಗ್ರಿ ಬಿಸಿಲಿನಲ್ಲಿ ಇವೆಲ್ಲ ಎಲ್ಲಿಗೆ ಹೋಗುತ್ತವೆ? ಮಳೆ ಬಿದ್ದ ಕೂಡಲೇ ಎಲ್ಲಿಂದ ಬರುತ್ತವೆ?

ಉತ್ತರ: ಕೆಲವು ಎಲ್ಲಿಗೂ ಹೋಗುವುದಿಲ್ಲ. ಕೊಲೋಟಿಸ್ ಬಿಸಿಲಿನ ಚಿಟ್ಟೆಯೇ, ಮಧ್ಯಾಹ್ನ ಮಾತ್ರ ನೆರಳು ಹಿಡಿಯುತ್ತದೆ. ಕೆಲವು ಊರು ಬಿಡುತ್ತವೆ. ಕಪ್ಪು ನರಗಳ ಬಿಳಿ ಚಿಟ್ಟೆ ಪಯೋನಿಯರ್ ಹಿಂಡಾಗಿ ವಲಸೆ ಹೋಗುವುದಕ್ಕೆ ಹೆಸರಾದದ್ದು. ಉಳಿದ ಉಪಾಯ ಕೋಶದ್ದು. ಒಣ ಹವೆಯಲ್ಲಿ ಕೋಶ ತಡೆದು ಕೂತು, ತೇವ ತಾಗಿದ ಮೇಲೆ ಒಡೆಯುತ್ತದೆ. ಅಮೆರಿಕದ ಮರುಭೂಮಿಗಳ ಆರೆಂಜ್ ಟಿಪ್ ಚಿಟ್ಟೆಗಳ ಕೋಶ ಮಳೆ ಕೈಕೊಟ್ಟರೆ ಒಂದಲ್ಲ, ಹಲವು ವರ್ಷ ಕಾಯುವುದೂ ಉಂಟು. ಎಲ್ಲ ಕೋಶಗಳೂ ಒಂದೇ ವರ್ಷ ಒಡೆಯದಿರುವುದರಲ್ಲೇ ಜಾಣತನ ಇದೆ. ಬೀಜವನ್ನೆಲ್ಲ ಒಂದೇ ಮಳೆಗೆ ಬಿತ್ತದ ಒಕ್ಕಲಿಗನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ (ಸಿಂಧನೂರು, ಗೃಹಿಣಿ): ಚೆಂಡುಹೂ, ದಾಸವಾಳ, ಲಾಂಟಾನ ಎಲ್ಲ ಹಾಕಿದ್ದೇವೆ. ಈ ಕೆಂಪು ತುದಿಯ ಚಿಟ್ಟೆ ಬರುವುದಿಲ್ಲ. ಕಾಲುವೆ ನೀರಿನಿಂದ ನಮ್ಮ ಹಿತ್ತಲಲ್ಲಿ ಸವಳು ಬೇರೆ.

ಉತ್ತರ: ಹೂ ಚಿಟ್ಟೆಗೆ ಖಾನಾವಳಿ ಇದ್ದಂತೆ, ಉಂಡು ಎದ್ದು ಹೋಗುತ್ತದೆ. ಮನೆ ಬೇಕಾದರೆ ಮರಿ ತಿನ್ನುವ ಗಿಡ ಬೇಕು. ನಿಮ್ಮ ಸವಳು ಇಲ್ಲಿ ಅನುಕೂಲವೇ. ಮಿಸ್ವಾಕ್ ಮರ ಉಪ್ಪು ಮಣ್ಣನ್ನು ತಾಳುವುದರಲ್ಲಿ ಗಟ್ಟಿ, ಕ್ಷಾರಭೂಮಿ ತಿದ್ದಲು ಗುಜರಾತಿನಲ್ಲಿ ಬೆಳೆಸುವುದೂ ಇದೆ. ಹಣ್ಣಾದ ಕಾಯಿ ತಂದು ತಿರುಳನ್ನು ಮರಳಿನಲ್ಲಿ ಉಜ್ಜಿ ಪೂರ್ತಿ ತೊಳೆಯಿರಿ. ಮೊಳಕೆ ತಡೆಯುವ ಅಂಶ ತಿರುಳಿನಲ್ಲೇ ಇದೆ, ಹಾಗೇ ಬಿತ್ತಿದರೆ ಏಳದು. ನೆರಳಲ್ಲಿ ಆರಿಸಿ ತಡಮಾಡದೆ ಬಿತ್ತಿ. ಚೀಲಕ್ಕೆ ಎರಡು ಬೀಜ, ಒಂದು ಸೆಂ.ಮೀ. ಆಳ, ಅರ್ಧ ಮರಳು ಅರ್ಧ ಕೆಂಪು ಮಣ್ಣು. ಇದಕ್ಕೆ ಬರುವುದು ಸಾಲ್ಮನ್ ಅರಬ್. ಕೆಂಪು ತುದಿಯದು ಬೇಕಿದ್ದರೆ ಕಡಾಬಾ. ಅದನ್ನು ಸವಳಿಲ್ಲದ, ನೀರು ನಿಲ್ಲದ ಏರುಜಾಗದಲ್ಲಿ, ಮಳೆಗಾಲದ ಶುರುವಿನಲ್ಲಿ ನೆಡಿ. ಗೊಬ್ಬರ, ದಿನಾ ನೀರು ಎರಡೂ ಬೇಡ, ಬೇರು ಕೊಳೆಯುತ್ತದೆ. ವರ್ಷಕ್ಕೊಮ್ಮೆ ಮೂರರಲ್ಲಿ ಒಂದು ಭಾಗ ಟೊಂಗೆ ಸವರಿದರೆ ಚಿಗುರು ಬರುತ್ತದೆ, ತತ್ತಿ ಬೀಳುವುದು ಆ ಚಿಗುರಿಗೇ. ಪೂರ್ತಿ ಬೋಳಿಸಿದರೆ ಅದರ ಮೇಲಿದ್ದ ಕೋಶಗಳೂ ಹೋಗುತ್ತವೆ.

ಗಂಡು ಚಿಟ್ಟೆ ಒದ್ದೆ ಮಣ್ಣಿನಿಂದ ಉಪ್ಪಿನಂಶ ಹೀರುತ್ತದೆ. ಒಂದು ಹಳೇ ಪರಾತದಲ್ಲಿ ಎರಡಿಂಚು ಮರಳು ಹಾಕಿ, ಒಂದು ಹಿಡಿ ಸಗಣಿ, ಒಂದು ಚಿಟಿಕೆ ಉಪ್ಪು ಬೆರೆಸಿ ತೇವ ಇಡಿ. ನೀರು ಮೇಲೆ ನಿಲ್ಲಬಾರದು, ನಿಂತರೆ ಚಿಟ್ಟೆ ಬದಲು ಸೊಳ್ಳೆ.

ಪ್ರಶ್ನೆ (ಸಿರುಗುಪ್ಪ ತಾಲ್ಲೂಕು): ಗೋಮಾಳದ ಬಳ್ಳಾರಿ ಜಾಲಿ ತೆಗೆಸುತ್ತಿದ್ದೇವೆ. ಚಿಟ್ಟೆಗೆ ಒಳ್ಳೆಯದೇ?

ಉತ್ತರ: ಒಳ್ಳೆಯದು, ತೆಗೆಯುವ ರೀತಿ ಸರಿಯಿದ್ದರೆ. ಬಳ್ಳಾರಿ ಜಾಲಿ ದಟ್ಟವಾಗಿ ಹಬ್ಬಿ ಊರ ಪೊದೆಗಳನ್ನು ಮುಚ್ಚುತ್ತದೆ ನಿಜ. ಆದರೆ ಜೆಸಿಬಿಗೆ ಎಲ್ಲ ಮುಳ್ಳೂ ಒಂದೇ. ಯಂತ್ರ ಬರುವ ಹಿಂದಿನ ದಿನ ಕುರಿ ಕಾಯುವವರೊಬ್ಬರನ್ನು ಕರೆದುಕೊಂಡು ಸುತ್ತಾಡಿ, ಉಳಿಸಬೇಕಾದ ಕಡಾಬಾ, ಕ್ಯಾಪರಿಸ್, ಬಾರಿ ಗಿಡಗಳಿಗೆ ಬಣ್ಣದ ಬಟ್ಟೆ ಕಟ್ಟಿ. ಬಾರಿಯ ಎಲೆ ಮೇಲೆ ಹಸಿರು ಕೆರೆದು ಪೊರೆ ಮಾತ್ರ ಉಳಿದ ಗೀರುಗಳಿದ್ದು, ಅಲ್ಲಿ ಇರುವೆ ಓಡಾಡುತ್ತಿದ್ದರೆ ಪಿಯರೋ ಎಂಬ ಸಣ್ಣ ನೀಲಿ ಚಿಟ್ಟೆಯ ಮರಿ ಇರಬಹುದು. ಅದನ್ನು ಮೊದಲು ಗುರುತಿಸಿ. ಬಟ್ಟೆ ಕಟ್ಟಿದ ಗಿಡದ ಸುತ್ತ ಎರಡು ಮೀಟರ್ ಜಾಲಿಯನ್ನು ಕೊಡಲಿಯಿಂದಲೇ ತೆಗೆಸಿ, ಯಂತ್ರ ಹತ್ತಿರ ಬಿಡಬೇಡಿ. ಕಡಿದ ಜಾಲಿಗೆ ಅಲ್ಲೇ ಬೆಂಕಿ ಹಚ್ಚಬೇಡಿ.

ಪ್ರಶ್ನೆ (ಕೊಪ್ಪಳ, ಕಾಲೇಜು ವಿದ್ಯಾರ್ಥಿ): ಚಿಟ್ಟೆ ಹಿಡಿದು ಪಿನ್ನು ಚುಚ್ಚಿ ಸಂಗ್ರಹ ಮಾಡಬಹುದೇ?

ಉತ್ತರ: ಬೇಡ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಅನುಸೂಚಿಗಳಲ್ಲಿ ಹಲವು ಚಿಟ್ಟೆಗಳಿವೆ, 2022ರ ತಿದ್ದುಪಡಿಯಲ್ಲಿ ಅವನ್ನು ಹೊಸದಾಗಿ ಜೋಡಿಸಲಾಗಿದೆ. ಅಭಯಾರಣ್ಯದೊಳಗೆ ಯಾವುದನ್ನೂ ಮುಟ್ಟುವಂತಿಲ್ಲ. ದಿನಾಂಕ, ಜಾಗ, ಕೂತಿದ್ದ ಗಿಡ, ಎರಡು ಫೋಟೋ ಇಷ್ಟಿದ್ದರೆ ಸಾಕು. ಈ ಮೂರು ಜಿಲ್ಲೆಗಳಿಂದ ಬರುವ ಫೋಟೋಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಗಿಡ. ಮುಂದಿನ ಸಲ ಅದರ ಎಲೆಯನ್ನೂ ಸೇರಿಸಿ ಕಳಿಸಿ.